ಕುಡಿದು ಕಾರು ಓಡಿಸಿದವನು ನಗರಸಭೆಯ ನೌಕರ: ಫುಕುವೋಕಾ ಪ್ರಕರಣ

2006ರ ಆಗಸ್ಟ್ 25, ಶುಕ್ರವಾರ. ರಾತ್ರಿ ಹನ್ನೊಂದು ಗಂಟೆ ಹತ್ತಿರ. ಜಪಾನಿನ ದಕ್ಷಿಣದ ಫುಕುವೋಕಾ ನಗರದಲ್ಲಿ, ಹಕಾಟಾ ಕೊಲ್ಲಿಯ ಮೇಲಿನ ಉಮಿನೊನಾಕಮಿಚಿ ಸೇತುವೆ ಮೇಲೆ ಒಂದು ಕುಟುಂಬದ ಕಾರು ಹೋಗ್ತಾ ಇತ್ತು. ಅಪ್ಪ, ಅಮ್ಮ, ಮೂರು ಮಕ್ಕಳು. ಮಕ್ಕಳ ವಯಸ್ಸು 4, 3 ಮತ್ತು 1. ಬೇಸಿಗೆ ರಜೆಯಲ್ಲಿ ಕೊಂಬಿನ ಜೀರುಂಡೆ ಹಿಡಿಯೋದು ಅಲ್ಲಿನ ಮಕ್ಕಳಿಗೆ ದೊಡ್ಡ ಖುಷಿ. ಅದನ್ನೇ ಮುಗಿಸಿಕೊಂಡು ಅವರು ಮನೆಗೆ ವಾಪಸಾಗ್ತಾ ಇದ್ದರು. ಹಿಂದಿನಿಂದ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಬಂದ ಇನ್ನೊಂದು ಕಾರು ಗುದ್ದಿತು. ಇವರ ಕಾರು ಫುಟ್‌ಪಾತ್ ಹತ್ತಿ, ಪಕ್ಕದ ಕಟಕಟೆ ಮುರಿದುಕೊಂಡು ಸಮುದ್ರಕ್ಕೆ ಬಿತ್ತು. ಅಮ್ಮ ಕತ್ತಲಲ್ಲಿ ಮತ್ತೆ ಮತ್ತೆ ನೀರಿನೊಳಗೆ ಮುಳುಗಿ ಮಕ್ಕಳನ್ನು ಹೊರಗೆ ಎಳೆಯೋಕೆ ನೋಡಿದರು. ಮೂವರೂ ಉಳಿಯಲಿಲ್ಲ.

ಗುದ್ದಿದವನು 22 ವರ್ಷದ ಯುವಕ. ಆವತ್ತು ಸಂಜೆಯಿಂದ ಕುಡಿದಿದ್ದ. ಗುದ್ದಿದ ಮೇಲೆ ನಿಲ್ಲಲಿಲ್ಲ, ಮುಂದೆ ಓಡಿಸಿದ. ಸುಮಾರು 300 ಮೀಟರ್ ಹೋಗೋ ಹೊತ್ತಿಗೆ ಅವನ ಕಾರೇ ಕೆಟ್ಟು ನಿಂತಿತು. ಆಗ ಗೆಳೆಯನಿಗೆ ಫೋನ್ ಮಾಡಿ ನೀರು ತರಿಸಿಕೊಂಡ. ಆ ನೀರನ್ನು ಗಟಗಟ ಕುಡಿದ. ಪೊಲೀಸರು ಅವನ ಉಸಿರು ಪರೀಕ್ಷೆ ಮಾಡಿದಾಗ ಅಪಘಾತ ಆಗಿ ಮುಕ್ಕಾಲು ಗಂಟೆಗೂ ಜಾಸ್ತಿ ಆಗಿತ್ತು. ಒಂದು ಲೀಟರ್ ಉಸಿರಿಗೆ 0.25 ಮಿಲಿಗ್ರಾಂ ಮದ್ಯಸಾರ ಅಂತ ಬಂತು. ಆ ನೀರು ಮತ್ತು ಈ ಸಂಖ್ಯೆ, ಎರಡೂ ಮುಂದೆ ಜಪಾನಿನ ಕಾನೂನನ್ನೇ ಅಲ್ಲಾಡಿಸಿದವು.

ಇನ್ನೊಂದು ಸಂಗತಿ ಇದೆ. ಆ ಯುವಕ ಫುಕುವೋಕಾ ನಗರಸಭೆಯ ನೌಕರ. ಕುಡಿದು ಓಡಿಸೋದನ್ನು ತಡೆಯೋಕೆ ಸ್ಥಳೀಯ ಆಡಳಿತ ಏನು ಮಾಡಬಹುದು ಅನ್ನೋದೇ ಈ ಬರಹದ ಪ್ರಶ್ನೆ. ಕಠಿಣ ಕಾನೂನು ಬೇಕು ಅಂತ ಸ್ಥಳೀಯ ಆಡಳಿತಗಳು ನಿಂತ ಉದಾಹರಣೆ ಬೇರೆ ದೇಶಗಳಲ್ಲೂ ಇವೆ. ಆದರೂ ನಾನು ಈ ಪ್ರಕರಣವನ್ನೇ ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ಇಲ್ಲಿ ಆಡಳಿತ ಬೇರೆಯವರಿಗೆ ಬುದ್ಧಿ ಹೇಳುವ ಜಾಗದಲ್ಲಿ ಇರಲಿಲ್ಲ. ತಪ್ಪು ಮಾಡಿದವನು ಅದರ ಸಂಬಳ ತಗೊಳ್ಳುವವನೇ. ಹಾಗಾಗಿ ಮೊದಲು ತನ್ನ ಮನೆ ಸರಿ ಮಾಡಿಕೊಳ್ಳಬೇಕಾಗಿತ್ತು.

ಸರ್ಕಾರಿ ಕಚೇರಿಗಳಲ್ಲಿ ನಡುಕ

ಫುಕುವೋಕಾ ಕುಡಿತಕ್ಕೆ ಹೆಸರಾದ ಊರೇ. ನಕಾಸು, ತೆಂಜಿನ್ ಕಡೆ ಸಂಜೆ ಆದರೆ ರಸ್ತೆ ಬದಿಯಲ್ಲಿ ಯಾತಾಯ್ ಅನ್ನೋ ತಳ್ಳುಗಾಡಿ ಅಂಗಡಿಗಳು ತೆರೆಯುತ್ತವೆ. ಬಿಸಿ ರಾಮೆನ್, ಕಬಾಬಿನಂಥ ಯಾಕಿತೋರಿ, ಜೊತೆಗೆ ಬಿಯರ್, ಶೋಚು. ಕಚೇರಿ ಮುಗಿಸಿ ಸಹೋದ್ಯೋಗಿಗಳ ಜೊತೆ ಕುಡಿಯೋದು ಕೆಲಸದ ಭಾಗ ಅನ್ನೋ ಹಾಗೆ ನಡೆದುಕೊಂಡು ಬಂದಿತ್ತು. 'ಬೇಡ' ಅಂದರೆ ಒಂಥರಾ ನೋಡ್ತಿದ್ದರು. ಇದು ನಮಗೂ ಗೊತ್ತಿರೋ ಒತ್ತಡವೇ, ಅಲ್ವಾ?

ಆ ವಾರ ನಗರಸಭೆ ಬೇರೆಯೇ ಕನಸಿನಲ್ಲಿತ್ತು. 2016ರ ಒಲಿಂಪಿಕ್ಸ್‌ಗೆ ಜಪಾನಿನ ಅಭ್ಯರ್ಥಿ ನಗರ ಆಗಬೇಕು ಅಂತ ಫುಕುವೋಕಾ ಟೋಕಿಯೊ ಜೊತೆ ಪೈಪೋಟಿ ನಡೆಸ್ತಾ ಇತ್ತು. ಅಪಘಾತ ಆದ ಐದನೇ ದಿನ, ಆಗಸ್ಟ್ 30ಕ್ಕೆ, ಟೋಕಿಯೊ ಗೆದ್ದಿತು. ಅಪಘಾತಕ್ಕೂ ಆ ಸೋಲಿಗೂ ಸಂಬಂಧ ಇದೆ ಅಂತ ನಾನು ಹೇಳ್ತಾ ಇಲ್ಲ. ಆದರೆ ಇಡೀ ದೇಶದ ಕ್ಯಾಮೆರಾಗಳು ಆ ಹೊತ್ತಿಗೆ ಆ ಊರಿನ ಕಡೆ ತಿರುಗಿದ್ದವು. ಆಗಿನ ಮೇಯರ್ ಯಮಾಸಾಕಿ ಹಿರೋತಾರೋ ಅದೇ ವರ್ಷ ನವೆಂಬರ್‌ನಲ್ಲಿ ಚುನಾವಣೆ ಸೋತರು.

ದೇಶದ ಉದ್ದಕ್ಕೂ ಪ್ರಾಂತ್ಯಗಳು, ನಗರಸಭೆಗಳು, ಪಟ್ಟಣ ಪಂಚಾಯಿತಿಗಳು ತಮ್ಮ ನೌಕರರ ಶಿಸ್ತಿನ ನಿಯಮಗಳನ್ನು ತೆಗೆದು ನೋಡಿಕೊಂಡವು. ಅಲ್ಲಿವರೆಗೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ ನೌಕರನಿಗೆ ಸಾಮಾನ್ಯವಾಗಿ ಅಮಾನತು, ಇಲ್ಲಾ ಸಂಬಳ ಕಡಿತ. ಈಗ ಒಂದಾದ ಮೇಲೊಂದು ಆಡಳಿತ ಹೊಸ ನಿಯಮ ತಂದಿತು. ಕುಡಿದು ಓಡಿಸಿದರೆ ಕೆಲಸದಿಂದ ವಜಾ. ಅಪಘಾತ ಆಗದಿದ್ದರೂ ವಜಾ. ವಜಾ ಆದರೆ ನಿವೃತ್ತಿ ಹಣಕ್ಕೂ ಕತ್ತರಿ. ಪಕ್ಕದ ಸೀಟಿನಲ್ಲಿ ಸುಮ್ನೆ ಕೂತಿದ್ದ ನೌಕರನಿಗೂ ಶಿಕ್ಷೆ ಅಂತ ಹಲವು ಕಡೆ ಬರೆದರು.

ಈ ಹೆಜ್ಜೆಯ ಬೆಲೆ ಏನು ಅಂತ ಗಮನಿಸಬೇಕು. ಸಂಸತ್ತು ಕಾನೂನು ಬದಲಾಯಿಸೋಕೆ ತಿಂಗಳುಗಟ್ಟಲೆ ಬೇಕು. ನಗರಸಭೆ ತನ್ನ ನೌಕರರ ನಿಯಮ ಬದಲಾಯಿಸೋಕೆ ಅಷ್ಟು ಬೇಡ. ದೇಶದ ಕಾನೂನು ಬಿಗಿಯಾಗುವ ಮುಂಚೆಯೇ ಸ್ಥಳೀಯ ಆಡಳಿತಗಳು ತಮ್ಮ ಮೇಲೆ ತಾವೇ ಅದಕ್ಕಿಂತ ಬಿಗಿ ನಿಯಮ ಹೇರಿಕೊಂಡಿದ್ದವು. ಮೇಲಿನವರನ್ನು 'ನೀವೂ ಮಾಡಿ' ಅಂತ ಕೇಳೋಕೆ ಬಾಯಿ ಬಂದಿದ್ದೇ ಅದರಿಂದ.

2007ರ ಕಾನೂನು: ಸ್ಟಿಯರಿಂಗ್ ಹಿಡಿದವನೊಬ್ಬನೇ ಅಲ್ಲ

ಜಪಾನಿನಲ್ಲಿ ಕುಡಿದು ಓಡಿಸೋದಕ್ಕೆ ಎರಡು ದರ್ಜೆ. ಉಸಿರಿನಲ್ಲಿ ಲೀಟರಿಗೆ 0.15 ಮಿಲಿಗ್ರಾಂ ಮುಟ್ಟಿದರೆ ಒಂದು ಅಪರಾಧ. ಸಂಖ್ಯೆ ಎಷ್ಟೇ ಇರಲಿ, ಸರಿಯಾಗಿ ಓಡಿಸಲಾರದಷ್ಟು ಅಮಲೇರಿದ್ದರೆ ಅದು ಇನ್ನೂ ದೊಡ್ಡದು. ಮೊದಲು ಮಿತಿ 0.25 ಇತ್ತು. 2002ರ ಜೂನ್‌ನಲ್ಲಿ 0.15ಕ್ಕೆ ಇಳಿಸಿದರು.

ಆ ಬದಲಾವಣೆಯ ಹಿಂದೆ ಇನ್ನೊಂದು ದುರಂತ ಇತ್ತು. 1999ರ ನವೆಂಬರ್‌ನಲ್ಲಿ ಟೋಕಿಯೊದ ತೋಮೆಯ್ ಎಕ್ಸ್‌ಪ್ರೆಸ್‌ವೇಯಲ್ಲಿ ಕುಡಿದಿದ್ದ ಲಾರಿ ಚಾಲಕ ಗುದ್ದಿ ಇಬ್ಬರು ಪುಟ್ಟ ಹುಡುಗಿಯರು ಕಾರಿನಲ್ಲೇ ಸುಟ್ಟು ಸತ್ತರು. ಅವರ ಅಪ್ಪ ಅಮ್ಮ ಬೀದಿಗಿಳಿದು ಲಕ್ಷಗಟ್ಟಲೆ ಸಹಿ ಸಂಗ್ರಹಿಸಿದರು. ಅದರಿಂದ 2001ರಲ್ಲಿ 'ಅಪಾಯಕಾರಿ ಚಾಲನೆಯಿಂದ ಸಾವು' ಅನ್ನೋ ಹೊಸ ಅಪರಾಧ ದಂಡಸಂಹಿತೆಗೆ ಸೇರಿತು. ಮೊದಲು ಗರಿಷ್ಠ 15 ವರ್ಷ, 2005ರಿಂದ 20 ವರ್ಷ. ಅಂದರೆ ಫುಕುವೋಕಾ ಘಟನೆ ನಡೆದಾಗ ಬಲವಾದ ಕಾನೂನು ಪುಸ್ತಕದಲ್ಲಿ ಆಗಲೇ ಇತ್ತು. ಇಲ್ಲದೇ ಇದ್ದಿದ್ದು ಕುಡಿಸಿದವರಿಗೆ, ಕಾರು ಕೊಟ್ಟವರಿಗೆ, ಜೊತೆಗೆ ಕೂತವರಿಗೆ ಅಂತಲೇ ಬರೆದ ಶಿಕ್ಷೆ.

2007ರ ಸೆಪ್ಟೆಂಬರ್ 19ರಂದು ಜಾರಿಗೆ ಬಂದ ತಿದ್ದುಪಡಿ ಅಲ್ಲಿಗೇ ಕೈ ಹಾಕಿತು. ಅಮಲಿನಲ್ಲಿ ಓಡಿಸಿದರೆ ಶಿಕ್ಷೆ 3 ವರ್ಷದಿಂದ 5 ವರ್ಷಕ್ಕೆ, ದಂಡ 5 ಲಕ್ಷ ಯೆನ್‌ನಿಂದ 10 ಲಕ್ಷ ಯೆನ್‌ಗೆ ಏರಿತು. ಮಿತಿ ದಾಟಿದವರಿಗೆ 1 ವರ್ಷ ಇದ್ದಿದ್ದು 3 ವರ್ಷ ಆಯಿತು. ಕುಡಿದಿದ್ದಾನೆ ಅಂತ ಗೊತ್ತಿದ್ದೂ ಕಾರಿನ ಕೀ ಕೊಟ್ಟವನಿಗೆ ಓಡಿಸಿದವನಷ್ಟೇ ಶಿಕ್ಷೆ. ಇವನು ಓಡಿಸಿಕೊಂಡು ಹೋಗುವವನು ಅಂತ ಗೊತ್ತಿದ್ದೂ ಮದ್ಯ ಕೊಟ್ಟವನಿಗೆ 3 ವರ್ಷದವರೆಗೆ. 'ನನ್ನನ್ನೂ ಮನೆ ಹತ್ತಿರ ಬಿಡು' ಅಂತ ಹತ್ತಿ ಕೂತವನಿಗೂ ಅಷ್ಟೇ. ಗುದ್ದಿ ಓಡಿಹೋದರೆ 10 ವರ್ಷ, ಅಂದರೆ ಹಿಂದಿಗಿಂತ ಎರಡು ಪಟ್ಟು.

ಇದರ ಪರಿಣಾಮ ಊಟದ ಮೇಜಿನ ಮೇಲೇ ಕಾಣಿಸಿತು. ಹೋಟೆಲಿಗೆ ಹೋದರೆ ಮಾಣಿ 'ಇವತ್ತು ಯಾರು ಓಡಿಸ್ತಾರೆ?' ಅಂತ ಕೇಳಬಹುದು. ಓಡಿಸುವವರಿಗೆ ಮದ್ಯಸಾರ ಇಲ್ಲದ ಬಿಯರ್. ಗುಂಪಿನಲ್ಲಿ ಒಬ್ಬರು ಕುಡಿಯದೆ ಎಲ್ಲರನ್ನೂ ಮನೆಗೆ ತಲುಪಿಸೋದು, ಅದಕ್ಕೆ 'ಹ್ಯಾಂಡಲ್ ಕೀಪರ್' ಅಂತ ಹೆಸರು. ಹಳ್ಳಿ, ಸಣ್ಣ ಊರುಗಳಲ್ಲಿ ರಾತ್ರಿ ರೈಲು ಬಸ್ಸು ಇರೋಲ್ಲ. ಅಲ್ಲಿ 'ದಾಯ್ಕೋ' ಅನ್ನೋ ಸೇವೆ ನಡೆಯುತ್ತೆ. ಫೋನ್ ಮಾಡಿದರೆ ಒಂದು ಕಾರಿನಲ್ಲಿ ಇಬ್ಬರು ಬರ್ತಾರೆ. ಒಬ್ಬ ನಿಮ್ಮ ಕಾರು ಓಡಿಸಿ ನಿಮ್ಮನ್ನು ಮನೆಗೆ ಬಿಡ್ತಾನೆ. ಇನ್ನೊಬ್ಬ ತಮ್ಮ ಕಾರಿನಲ್ಲಿ ಹಿಂದೆ ಬಂದು ಅವನನ್ನು ವಾಪಸ್ ಕರೆದುಕೊಂಡು ಹೋಗ್ತಾನೆ. ಬೆಳಿಗ್ಗೆ ನಿಮ್ಮ ಕಾರು ನಿಮ್ಮ ಮನೆ ಮುಂದೆಯೇ ಇರುತ್ತೆ. 'ಕಾರು ಅಲ್ಲೇ ಬಿಟ್ಟು ಬಂದರೆ ನಾಳೆ ಕೆಲಸಕ್ಕೆ ಹೇಗೆ ಹೋಗಲಿ' ಅನ್ನೋ ನೆಪಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ. ಈ ಸೇವೆಗೂ ಲೈಸೆನ್ಸ್, ವಿಮೆ ಕಡ್ಡಾಯ ಮಾಡುವ ಪ್ರತ್ಯೇಕ ಕಾನೂನು 2002ರಿಂದಲೇ ಇದೆ.

ನಮ್ಮ ಓದುಗರಿಗೆ ಇಲ್ಲಿ ಒಂದು ಮಾತು. ಜಪಾನಿನ ಉಸಿರಿನ 0.15 ಮಿಲಿಗ್ರಾಂ ಅಂದರೆ ರಕ್ತದ ಲೆಕ್ಕದಲ್ಲಿ 100 ಮಿಲಿಲೀಟರಿಗೆ ಸುಮಾರು 30 ಮಿಲಿಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿ ಇರೋದೂ ಅದೇ 30. ಬ್ರಿಟನ್ನಿನ ಇಂಗ್ಲೆಂಡ್, ವೇಲ್ಸ್‌ನಲ್ಲಿ 1967ರಿಂದ 80 ಮಿಲಿಗ್ರಾಂ. ಸ್ಕಾಟ್ಲೆಂಡ್ ಮಾತ್ರ 2014ರಲ್ಲಿ 50ಕ್ಕೆ ಇಳಿಸಿತು. ಅಂದರೆ ಸಂಖ್ಯೆಯ ಮಟ್ಟಿಗೆ ನಮ್ಮ ಕಾನೂನು ಬ್ರಿಟನ್ನಿಗಿಂತ ಬಿಗಿ, ಜಪಾನಿಗೆ ಸಮ. ಇನ್ನೂ ಒಂದಿದೆ. ನಮ್ಮ ಕಾಯ್ದೆಯ 188ನೇ ಸೆಕ್ಷನ್ ಪ್ರಕಾರ ಕುಡಿದು ಓಡಿಸೋಕೆ ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಷ್ಟೇ ಶಿಕ್ಷೆ. ಆದರೆ ಆ ಸೆಕ್ಷನ್ ಹಾಕಿ ಗೆಳೆಯರ ಮೇಲೆ, ಕೀ ಕೊಟ್ಟವರ ಮೇಲೆ ಕೇಸು ನಡೆಸಿದ ಸುದ್ದಿ ನಾವು ಓದೋದು ತೀರಾ ಅಪರೂಪ. ಜಪಾನ್ ಅದನ್ನು 'ಕುಮ್ಮಕ್ಕು' ಅನ್ನೋ ಒಂದೇ ಪದದಲ್ಲಿ ಬಿಡಲಿಲ್ಲ. ಕೀ ಕೊಟ್ಟವನು, ಕುಡಿಸಿದವನು, ಹತ್ತಿ ಕೂತವನು ಅಂತ ಮೂರು ಜನರನ್ನು ಬಿಡಿಸಿ ಬರೆಯಿತು. ಪೊಲೀಸರಿಗೆ ಕೇಸು ಹಾಕೋದು ಸುಲಭ ಆಯಿತು. ಜನಕ್ಕೂ ತಮ್ಮ ಪಾಲು ಏನು ಅಂತ ಅರ್ಥ ಆಯಿತು.

ನೀರು ಕುಡಿದವನ ಕೇಸು

ಹೊಸ ಕಾನೂನು ಹಳೆಯ ಅಪರಾಧಕ್ಕೆ ಅನ್ವಯ ಆಗೋಲ್ಲ. ಫುಕುವೋಕಾ ಯುವಕನ ಕೇಸು ಹಳೆಯ ಕಾನೂನಿನಲ್ಲೇ ನಡೆಯಿತು. ಪ್ರಾಸಿಕ್ಯೂಷನ್ 'ಅಪಾಯಕಾರಿ ಚಾಲನೆಯಿಂದ ಸಾವು' ಅಂತ ಹೇಳಿ, ಓಡಿಹೋದದ್ದನ್ನೂ ಸೇರಿಸಿ 25 ವರ್ಷ ಕೇಳಿತು. ಅಷ್ಟು ಶಿಕ್ಷೆ ಆಗಬೇಕಾದರೆ ಅವನು ಸರಿಯಾಗಿ ಓಡಿಸಲಾರದ ಸ್ಥಿತಿಯಲ್ಲಿದ್ದ ಅಂತ ಸಾಬೀತಾಗಬೇಕು. ಆದರೆ ಪರೀಕ್ಷೆಯಲ್ಲಿ ಬಂದ ಸಂಖ್ಯೆ 0.25 ಅಷ್ಟೇ. ಸ್ಥಳದಲ್ಲಿದ್ದ ಪೊಲೀಸರೂ ಅವನನ್ನು ಕೆಳಗಿನ ದರ್ಜೆಗೇ ಹಾಕಿದ್ದರು. ಸೇತುವೆಗೆ ಬರುವ ಮುಂಚೆ ಅವನು ಇಕ್ಕಟ್ಟಾದ ರಸ್ತೆಗಳಲ್ಲಿ ಎಲ್ಲೂ ತಾಗಿಸದೆ ಓಡಿಸಿಕೊಂಡು ಬಂದಿದ್ದ.

2008ರ ಜನವರಿ 8ರಂದು ಫುಕುವೋಕಾ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಿತು. ಅಪಾಯಕಾರಿ ಚಾಲನೆ ಸಾಬೀತಾಗಿಲ್ಲ, ಅಪಘಾತಕ್ಕೆ ಕಾರಣ ಮುಂದೆ ನೋಡದೆ ಓಡಿಸಿದ ಅಜಾಗರೂಕತೆ ಅಂದಿತು. ಆ ಅಪರಾಧಕ್ಕೂ ಓಡಿಹೋದದ್ದಕ್ಕೂ ಸೇರಿ ಕೊಡಬಹುದಾದ ಗರಿಷ್ಠ ಶಿಕ್ಷೆ 7 ವರ್ಷ 6 ತಿಂಗಳು. ಅಷ್ಟನ್ನೂ ಕೊಟ್ಟಿತು. ಮೂರು ಮಕ್ಕಳ ಸಾವಿಗೆ ಏಳೂವರೆ ವರ್ಷ. ಜನ ಸಿಟ್ಟಿಗೆದ್ದಿದ್ದರಲ್ಲಿ ಆಶ್ಚರ್ಯ ಇಲ್ಲ.

ಪ್ರಾಸಿಕ್ಯೂಷನ್ ಮೇಲ್ಮನವಿ ಹೋಯಿತು. 2009ರ ಮೇ 15ರಂದು ಫುಕುವೋಕಾ ಹೈಕೋರ್ಟ್ ತೀರ್ಪು ತಿರುಗಿಸಿ 20 ವರ್ಷ ಕೊಟ್ಟಿತು. 2011ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಐವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಒಪ್ಪಲಿಲ್ಲ. ಬಹುಮತದ ವಾದ ಹೀಗಿತ್ತು: ಸ್ಟಿಯರಿಂಗ್ ತಿರುಗಿಸೋಕೆ, ಬ್ರೇಕ್ ಒತ್ತೋಕೆ ಬರ್ತಿತ್ತು ಅಂದ ಮಾತ್ರಕ್ಕೆ 'ಸರಿಯಾಗಿ ಓಡಿಸಬಲ್ಲ' ಅನ್ನೋಕಾಗಲ್ಲ. ಮುಂದಿನ ಅಪಾಯ ಕಂಡು ಅದಕ್ಕೆ ಸ್ಪಂದಿಸಲಾರದ ಸ್ಥಿತಿಯೂ ಅದರಲ್ಲೇ ಸೇರುತ್ತೆ. ನೇರವಾದ ರಸ್ತೆಯಲ್ಲಿ ಮುಂದೆ ಹೋಗ್ತಿದ್ದ ಇಡೀ ಕಾರು ಹಲವು ಸೆಕೆಂಡು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮದ್ಯ ಬಿಟ್ಟರೆ ಅದಕ್ಕೆ ಬೇರೆ ಕಾರಣ ಇಲ್ಲ. ಈ ವಾದ ನನಗೆ ಸರಿ ಅನ್ನಿಸುತ್ತೆ. ಕುಡಿದವನ ಕೈ ಹಳೆಯ ಅಭ್ಯಾಸದಲ್ಲಿ ಓಡುತ್ತೆ, ಕಣ್ಣು ಮತ್ತು ಬುದ್ಧಿ ಓಡೋಲ್ಲ.

ಆದರೂ ದೊಡ್ಡ ತೂತು ಹಾಗೇ ಉಳಿದಿತ್ತು. ಕುಡಿದು ಗುದ್ದಿದವನು ಸ್ಥಳದಲ್ಲೇ ನಿಂತು ಗಾಯಗೊಂಡವರನ್ನು ಎತ್ತಿದರೆ ಅಲ್ಲೇ ಪರೀಕ್ಷೆ ಆಗಿ ದೊಡ್ಡ ಕೇಸಿಗೆ ಸಿಗ್ತಾನೆ. ಓಡಿಹೋಗಿ, ನೀರು ಕುಡಿದು, ಅಮಲಿಳಿದ ಮೇಲೆ ಬಂದರೆ ಸಣ್ಣ ಕೇಸು. ಜಪಾನಿನಲ್ಲಿ ಇದನ್ನು 'ಓಡಿದವನಿಗೇ ಲಾಭ' ಅಂತ ಜನ ಕರೆದರು. ಸಾಯುತ್ತಿರುವವರನ್ನು ಬಿಟ್ಟು ಓಡು ಅಂತ ಕಾನೂನೇ ಹೇಳಿಕೊಟ್ಟ ಹಾಗಾಯಿತಲ್ಲ! ಇದನ್ನು ಮುಚ್ಚೋಕೆ 2014ರ ಮೇ 20ರವರೆಗೆ ಕಾಯಬೇಕಾಯಿತು. ಆವತ್ತು ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ, ಕುಡಿದದ್ದು ಗೊತ್ತಾಗಬಾರದು ಅಂತ ಓಡಿಹೋಗೋದು, ಆಮೇಲೆ ಮತ್ತಷ್ಟು ಕುಡಿದು ಗೊಂದಲ ಮಾಡೋದು, ಇಂಥವೇ ಪ್ರತ್ಯೇಕ ಅಪರಾಧ ಆದವು. 12 ವರ್ಷದವರೆಗೆ ಶಿಕ್ಷೆ. ಸೇತುವೆಯ ಮೇಲೆ ಆ ನೀರು ತರಿಸಿದ ರಾತ್ರಿಯಿಂದ ಇಲ್ಲಿಗೆ ಹೆಚ್ಚುಕಮ್ಮಿ ಎಂಟು ವರ್ಷ.

ಪ್ರಾಂತ್ಯದ ಸ್ವಂತ ಕಾನೂನು

ಫುಕುವೋಕಾ ನಗರ ಇರುವ ಪ್ರಾಂತ್ಯಕ್ಕೂ ಅದೇ ಹೆಸರು. ಇಷ್ಟೆಲ್ಲ ಆದಮೇಲೂ ಆ ಪ್ರಾಂತ್ಯದಲ್ಲಿ ಕುಡಿದು ಓಡಿಸೋದು ನಿಲ್ಲಲಿಲ್ಲ. 2011ರ ಫೆಬ್ರವರಿಯಲ್ಲಿ ನಗರದ ಪಕ್ಕದ ಕಾಸುಯಾ ಪಟ್ಟಣದಲ್ಲಿ ಕುಡಿದಿದ್ದವನ ಕಾರು ಗುದ್ದಿ 16 ವರ್ಷದ ಇಬ್ಬರು ಹೈಸ್ಕೂಲ್ ಹುಡುಗರು ಸತ್ತರು. ಅವರಲ್ಲೊಬ್ಬನ ತಾಯಿ ಅಲ್ಲಿಂದ ಶಾಲೆ, ಕಚೇರಿ, ಡ್ರೈವಿಂಗ್ ಸ್ಕೂಲ್ ಅಂತ ಹೋಗಿ ಮಾತಾಡೋಕೆ ಶುರು ಮಾಡಿದರು. ಕಾನೂನು ಬಿಗಿಯಾದ ಮೇಲೂ ಹೀಗಾಯಿತು ಅಂದರೆ ಬರೀ ಶಿಕ್ಷೆಯ ಭಯ ಸಾಲದು ಅನ್ನೋದು ಪ್ರಾಂತ್ಯದ ಸಭೆಗೂ ಅರ್ಥ ಆಯಿತು.

2012ರಲ್ಲಿ ಪ್ರಾಂತ್ಯ ತನ್ನದೇ ಕಾನೂನು ತಂದಿತು. ಹೆಸರೇ 'ಕುಡಿದು ಚಾಲನೆ ನಿರ್ಮೂಲನೆ ಆಂದೋಲನ'ದ ಕಾನೂನು. ಈ ವಿಷಯದಲ್ಲಿ ದಂಡವನ್ನೂ ಇಟ್ಟ ಮೊದಲ ಸ್ಥಳೀಯ ಕಾನೂನು ಇಡೀ ಜಪಾನಿನಲ್ಲಿ ಇದೇ. ಆದರೆ ಅದರಲ್ಲಿನ ದಂಡ ನೋಡಿದರೆ ನಗು ಬರಬಹುದು: ಗರಿಷ್ಠ 50,000 ಯೆನ್. ಅದಕ್ಕೆ ಕಾರಣ ಇದೆ. ಅಲ್ಲಿನ ಸ್ಥಳೀಯ ಸ್ವಯಮಾಡಳಿತ ಕಾಯ್ದೆಯ 14ನೇ ವಿಧಿ ಪ್ರಕಾರ, ಪೊಲೀಸ್ ಕೇಸು ಕೋರ್ಟು ಇಲ್ಲದೆ ಆಡಳಿತವೇ ಹಾಕಬಹುದಾದ ದಂಡದ ಮಿತಿ ಅಷ್ಟೇ. ಜೈಲು ಶಿಕ್ಷೆಯ ಕೆಲಸ ದೇಶದ ಕಾನೂನು ಆಗಲೇ ಮಾಡ್ತಾ ಇತ್ತು. ದೇಶದ ಕಾನೂನು ಮುಟ್ಟದ ಜಾಗ ಯಾವುದು ಅಂತ ಪ್ರಾಂತ್ಯ ಹುಡುಕಿತು. ಅದರ ಜಾಣತನ ಇರೋದು ಇಲ್ಲೇ.

ಮೊದಲನೇದು ವೈದ್ಯರು. ಐದು ವರ್ಷದೊಳಗೆ ಎರಡನೇ ಸಲ ಸಿಕ್ಕಿಬಿದ್ದವನು ಮದ್ಯವ್ಯಸನ ಇದೆಯಾ ಅಂತ ವೈದ್ಯರ ಹತ್ತಿರ ತಪಾಸಣೆ ಮಾಡಿಸಿಕೊಂಡು ವರದಿ ಕೊಡಲೇಬೇಕು. ಕೊಡದಿದ್ದರೆ ಆ ದಂಡ. ಎರಡನೇದು ಅಂಗಡಿ. ಸಿಕ್ಕಿಬಿದ್ದವನು ಎಲ್ಲಿ ಕುಡಿದ ಅಂತ ಕೇಳಿ ಆ ಬಾರಿಗೂ ತಿಳಿಸುತ್ತಾರೆ. ಮತ್ತೆ ಮತ್ತೆ ಅದೇ ಅಂಗಡಿಯ ಗಿರಾಕಿಗಳು ಸಿಕ್ಕರೆ ಪ್ರಾಂತ್ಯದ ಸೂಚನಾಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸಬೇಕು. ಕೆಲಸ ಮಾಡೋ ಜಾಗಕ್ಕೂ ಸುದ್ದಿ ಹೋಗಬಹುದು. ಪ್ರತಿ ತಿಂಗಳು 25ನೇ ತಾರೀಖು ಕುಡಿದು ಚಾಲನೆ ನಿರ್ಮೂಲನೆ ದಿನ. ಆಗಸ್ಟ್ 25ರಿಂದ ಒಂದು ವಾರ ಅದರದೇ ಸಪ್ತಾಹ. ಆ ಮೂರು ಮಕ್ಕಳ ದಿನವನ್ನು ಪ್ರಾಂತ್ಯ ತನ್ನ ಕ್ಯಾಲೆಂಡರಿಗೇ ಸೇರಿಸಿತು. ಮುಂದಿನ ತಿದ್ದುಪಡಿಯಲ್ಲಿ, ಕುಡಿದವನು ಕಾರು ಹತ್ತೋದು ಕಂಡರೆ ಪೊಲೀಸರಿಗೆ ತಿಳಿಸೋದೂ ಜನರ ಕರ್ತವ್ಯ ಅಂತ ಸೇರಿತು. ಫುಕುವೋಕಾದ ಬೋರ್ಡುಗಳಲ್ಲಿ ಈಗ ಕಾಣೋ ಘೋಷಣೆಯಲ್ಲಿ ನಾಲ್ಕು ಮಾತುಗಳಿವೆ: ಓಡಿಸಲ್ಲ, ಓಡಿಸೋಕೆ ಬಿಡಲ್ಲ, ಸಹಿಸಲ್ಲ, ಕಂಡೂ ಸುಮ್ಮನಿರಲ್ಲ.

ಇದನ್ನು ಬರೆಯುವಾಗ 2017ರ ಬೆಂಗಳೂರು ನೆನಪಾಗದೆ ಇರೋಲ್ಲ. ಹೆದ್ದಾರಿ ಸಾವುಗಳನ್ನು ನೋಡಿ ನಮ್ಮ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಆದೇಶ ಕೊಟ್ಟಿತು. 2017ರ ಜುಲೈ 1ರಿಂದ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಸುತ್ತಮುತ್ತ ಬಾರ್‌ಗಳು ಬಾಗಿಲು ಹಾಕಿದವು. ಆಗ ಹಲವು ರಾಜ್ಯಗಳು ಹುಡುಕಿದ ದಾರಿ ಯಾವುದು? ಊರೊಳಗಿನ ಹೆದ್ದಾರಿಯನ್ನು ಹೆದ್ದಾರಿಗಳ ಪಟ್ಟಿಯಿಂದಲೇ ತೆಗೆಸೋದು. ಕರ್ನಾಟಕವೂ ಅದನ್ನೇ ಕೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ನಗರಗಳ ಒಳಗಿನ ಲೈಸೆನ್ಸ್ ಅಂಗಡಿಗಳಿಗೆ ಈ ಆದೇಶ ಅಡ್ಡಿ ಅಲ್ಲ ಅಂತ ಸ್ಪಷ್ಟಪಡಿಸಿತು. ಆ ಆದೇಶ ಎಲ್ಲ ಅಂಗಡಿಗಳನ್ನೂ ಒಂದೇ ಅಳತೆಗೋಲಲ್ಲಿ ಅಳೆದಿತ್ತು, ಕೆಲಸ ಕಳಕೊಂಡವರ ಕಷ್ಟವೂ ನಿಜ. ನನಗೆ ನೋವು ತಂದದ್ದು ಬೇರೆ. ಆ ಚರ್ಚೆಯಲ್ಲಿ ಸರ್ಕಾರಗಳ ಜಾಣತನ ಪೂರ್ತಿ ಆದೇಶದಿಂದ ತಪ್ಪಿಸಿಕೊಳ್ಳೋದಕ್ಕೇ ಖರ್ಚಾಯಿತು. 'ಬಾರ್ ಇರಲಿ, ಆದರೆ ಕುಡಿದವನು ಮನೆಗೆ ಹೇಗೆ ಹೋಗ್ತಾನೆ ಅನ್ನೋ ಜವಾಬ್ದಾರಿ ಲೈಸೆನ್ಸಿನಲ್ಲೇ ಬರಲಿ' ಅನ್ನೋ ಮಾತು ದೊಡ್ಡದಾಗಿ ಕೇಳಲೇ ಇಲ್ಲ. ಲೈಸೆನ್ಸ್ ಕೊಡೋದು ರಾಜ್ಯದ ಅಬಕಾರಿ ಇಲಾಖೆಯೇ ತಾನೇ.

ಬಿಗಿ ಜಾಸ್ತಿ ಆದಾಗ

ಫುಕುವೋಕಾ ಮಾಡಿದ್ದೆಲ್ಲ ಸರಿ ಅಂತ ಹೇಳೋಕಾಗಲ್ಲ. 2012ರ ಹೊತ್ತಿಗೆ ಮೇಯರ್ ಆಗಿದ್ದವರು ತಕಾಶಿಮಾ ಸೋಯಿಚಿರೋ. ನಗರಸಭೆ ನೌಕರರು ಕುಡಿದು ಮಾಡಿಕೊಂಡ ರಗಳೆಗಳು ಮತ್ತೆ ಮತ್ತೆ ಸುದ್ದಿಯಾದವು. ಬೇಸತ್ತ ಮೇಯರ್ ಆ ವರ್ಷದ ಮೇ 21ರಿಂದ ಒಂದು ತಿಂಗಳು ಎಲ್ಲ ನೌಕರರೂ ಮನೆಯ ಹೊರಗೆ ಎಲ್ಲೂ ಕುಡಿಯಬಾರದು ಅಂತ ಹೇಳಿದರು. ಬಾರ್ ಇಲ್ಲ, ಯಾತಾಯ್ ಇಲ್ಲ, ಗೆಳೆಯನ ಪಾರ್ಟಿಯಲ್ಲೂ ಇಲ್ಲ. ಕಾರೇ ಇಲ್ಲದವರಿಗೂ, ಜೀವನದಲ್ಲಿ ಒಂದು ತಪ್ಪು ಮಾಡದವರಿಗೂ ಇದೇ ಮಾತು. ಅವರ ಸಿಟ್ಟು ಅರ್ಥ ಆಗುತ್ತೆ. ಆದರೆ ಇದು ಗುರಿ ತಪ್ಪಿದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ. ಹಿಡಿಯಬೇಕಾದದ್ದು ಕುಡಿತ ಮತ್ತು ಚಾಲನೆ ಸೇರುವ ಜಾಗವನ್ನ. ನೌಕರನ ಖಾಸಗಿ ಸಂಜೆಯನ್ನ ಹಿಡಿದರೆ ಕಾನೂನಿನ ಪರ ಇದ್ದವರೂ ದೂರ ಸರೀತಾರೆ.

ವಜಾ ನಿಯಮಕ್ಕೂ ನ್ಯಾಯಾಲಯಗಳು ಲಗಾಮು ಹಾಕಿದವು. ಹ್ಯೋಗೋ ಪ್ರಾಂತ್ಯದ ಕಸಾಯ್ ನಗರಸಭೆ, ಮಿತಿಗೆ ಸರಿಯಾಗಿ 0.15 ಬಂದ ಒಬ್ಬ ಹಿರಿಯ ನೌಕರನನ್ನು ವಜಾ ಮಾಡಿತ್ತು. ರಜಾ ದಿನ, ಅಪಘಾತ ಆಗಿರಲಿಲ್ಲ. ಇಷ್ಟಕ್ಕೆ ಬದುಕೇ ಕಿತ್ತುಕೊಳ್ಳೋದು ಅತಿಯಾಯಿತು ಅಂತ ಒಸಾಕಾ ಹೈಕೋರ್ಟ್ ಹೇಳಿತು. 2009ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ನಗರಸಭೆ ಸೋತಿತು. ಆಮೇಲೆ ಎಷ್ಟೋ ಕಡೆ ನಿಯಮವನ್ನು ಸಡಿಲಿಸಿ, ಎಷ್ಟು ಕುಡಿದಿದ್ದ, ಏನಾಯಿತು, ಓಡಿಹೋದನಾ ಅಂತೆಲ್ಲ ತೂಗಿ ನೋಡೋ ಹಾಗೆ ಬದಲಾಯಿಸಿದರು. ಹಾಗಂತ ನ್ಯಾಯಾಲಯಗಳು ಮೆತ್ತಗಾದವು ಅಂತಲ್ಲ. ಮಿಯಾಗಿ ಪ್ರಾಂತ್ಯದ ಒಬ್ಬ ಹೈಸ್ಕೂಲ್ ಶಿಕ್ಷಕ ಸ್ವಾಗತಕೂಟದಲ್ಲಿ ಕುಡಿದು ಕಾರು ಓಡಿಸಿ ಅಪಘಾತ ಮಾಡಿದ್ದ. ಅವನನ್ನು ವಜಾ ಮಾಡಿ ನಿವೃತ್ತಿ ಹಣವನ್ನು ಪೂರ್ತಿ ತಡೆದರು. ಹೈಕೋರ್ಟ್ ಅದರಲ್ಲಿ ಒಂದು ಪಾಲು ಕೊಡಿ ಅಂದಿತ್ತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಪ್ರಾಂತ್ಯದ ತೀರ್ಮಾನ ಸರಿ ಅಂದಿತು.

ಫಲ ಸಿಕ್ಕಿತಾ?

2000ದಲ್ಲಿ ಜಪಾನಿನಲ್ಲಿ ಕುಡಿದ ಚಾಲಕರಿಂದ ಆದ, ಜೀವ ತೆಗೆದ ಅಪಘಾತಗಳು 1,200ಕ್ಕೂ ಜಾಸ್ತಿ. 2006ರಲ್ಲಿ 600ರ ಆಸುಪಾಸು. 2008ರ ಹೊತ್ತಿಗೆ ಅದರ ಅರ್ಧ. 2022ರಲ್ಲಿ 120. ಇದೆಲ್ಲ ಕಾನೂನಿನದೇ ಮಹಿಮೆ ಅಂದರೆ ತಪ್ಪಾಗುತ್ತೆ. ಅದೇ ಅವಧಿಯಲ್ಲಿ ಒಟ್ಟು ರಸ್ತೆ ಸಾವುಗಳೂ ಸುಮಾರು 9,000ದಿಂದ 2,610ಕ್ಕೆ ಇಳಿದಿವೆ. ಕಾರುಗಳು ಸುರಕ್ಷಿತವಾದವು, ಆಸ್ಪತ್ರೆಗಳು ಸುಧಾರಿಸಿದವು, ಯುವಜನ ಕುಡಿಯೋದೂ ಕಡಿಮೆ ಆಯಿತು. ಆದರೆ ಕುಡಿತದ ಅಪಘಾತ ಒಟ್ಟು ಇಳಿಕೆಗಿಂತ ಜಾಸ್ತಿ ಇಳಿದಿದೆ. 2006ರಿಂದ ಎರಡೇ ವರ್ಷದಲ್ಲಿ ಅರ್ಧ ಆಗಿದ್ದು ಆಸ್ಪತ್ರೆ, ಕಾರುಗಳಿಂದ ಅಂತೂ ಅಲ್ಲ. ಸ್ಕಾಟ್ಲೆಂಡಿನಲ್ಲಿ ಮಿತಿ ಇಳಿಸಿದ ಮೇಲೆ ನಡೆದ ಅಧ್ಯಯನದಲ್ಲಿ ಅಪಘಾತಗಳು ಕಡಿಮೆ ಆಗಿದ್ದು ಕಾಣಲಿಲ್ಲ. ಅಲ್ಲಿ ಸಂಖ್ಯೆ ಬದಲಾಯಿತು, ಜಪಾನಿನಲ್ಲಿ ಸುತ್ತಲಿನ ಜನರ ಹೊಣೆ ಬದಲಾಯಿತು. ವ್ಯತ್ಯಾಸಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬ್ತೇನೆ.

ತೂತುಗಳು ಆಮೇಲೂ ಕಾಣಿಸಿದವು. 2021ರ ಜೂನ್‌ನಲ್ಲಿ ಚಿಬಾ ಪ್ರಾಂತ್ಯದ ಯಾಚಿಮಾಟಾದಲ್ಲಿ ಲಾರಿಯೊಂದು ಶಾಲೆಯಿಂದ ಬರ್ತಿದ್ದ ಐದು ಮಕ್ಕಳ ಮೇಲೆ ನುಗ್ಗಿ ಇಬ್ಬರು ಸತ್ತರು. ಚಾಲಕ ಕೆಲಸದ ನಡುವೆ ಕುಡಿದಿದ್ದ. ಬಾಡಿಗೆಗೆ ಓಡುವ ಹಸಿರು ನಂಬರ್ ಪ್ಲೇಟಿನ ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ 2011ರಿಂದಲೇ ಯಂತ್ರದಲ್ಲಿ ಉಸಿರು ಪರೀಕ್ಷೆ ಕಡ್ಡಾಯ ಇತ್ತು. ಇದು ಕಂಪನಿಯ ಸ್ವಂತ ಸರಕು ಸಾಗಿಸುವ ಬಿಳಿ ಪ್ಲೇಟಿನ ಲಾರಿ. ಹಾಗಾಗಿ ನಿಯಮದ ಹೊರಗೆ. 2023ರ ಡಿಸೆಂಬರ್ 1ರಿಂದ, ಐದು ಅಥವಾ ಹೆಚ್ಚು ಬಿಳಿ ಪ್ಲೇಟಿನ ವಾಹನ ಇರುವ ಕಚೇರಿಗಳಿಗೂ ಯಂತ್ರದ ಪರೀಕ್ಷೆ ಕಡ್ಡಾಯ. ನಗರಸಭೆ, ಪಂಚಾಯಿತಿಗಳ ಕಾರುಗಳೂ ಇದರಲ್ಲಿ ಬರುತ್ತವೆ. ಅಲ್ಲಿನ ಸರ್ಕಾರಿ ನೌಕರ ಬೆಳಿಗ್ಗೆ ಕೀ ತಗೊಳ್ಳುವ ಮುಂಚೆ ಯಂತ್ರಕ್ಕೆ ಊದಿ ದಾಖಲೆ ಬರೆಸ್ತಾನೆ. ಸಂಜೆ ಬಂದು ಮತ್ತೆ ಊದ್ತಾನೆ. ರಾತ್ರಿ ಕುಡಿದದ್ದು ಬೆಳಿಗ್ಗೆಯೂ ಉಳಿದಿರಬಹುದು. 500 ಮಿಲಿಲೀಟರ್ ಬಿಯರ್ ಒಂದರಲ್ಲೇ ಸುಮಾರು 20 ಗ್ರಾಂ ಮದ್ಯಸಾರ ಇರುತ್ತೆ, ಅದು ದೇಹದಿಂದ ಹೋಗೋಕೆ ನಾಲ್ಕೈದು ಗಂಟೆ ಬೇಕು.

ಫುಕುವೋಕಾ ಪ್ರಾಂತ್ಯ 2020ರಲ್ಲಿ ತನ್ನ ಕಾನೂನನ್ನು ಮತ್ತೆ ತಿದ್ದಿತು. ಈಗ ಎರಡನೇ ಸಲದವರೆಗೆ ಕಾಯೋದಿಲ್ಲ. ಮೊದಲ ಸಲ ಸಿಕ್ಕವನೂ ಮದ್ಯವ್ಯಸನದ ತಪಾಸಣೆಗೆ, ಇಲ್ಲವೇ ಕುಡಿತದ ಬಗ್ಗೆ ಮಾರ್ಗದರ್ಶನಕ್ಕೆ ಹೋಗಲೇಬೇಕು. ಪೊಲೀಸರು ಕೇಸು ಹಾಕಿ, ಕೋರ್ಟು ದಂಡ ಕಟ್ಟಿಸಿಕೊಂಡು ಕಳಿಸಿದವನು ವೈದ್ಯರ ಮುಂದೆ ಕೂತು ವಾರಕ್ಕೆ ಎಷ್ಟು ದಿನ ಕುಡೀತೀನಿ, ಬೆಳಿಗ್ಗೆ ಎದ್ದ ತಕ್ಷಣ ಬೇಕು ಅನ್ನಿಸುತ್ತಾ, ಮನೆಯವರು ಏನು ಹೇಳ್ತಾರೆ ಅನ್ನೋದಕ್ಕೆಲ್ಲ ಉತ್ತರ ಕೊಡಬೇಕಾಗುತ್ತೆ. ಕರ್ನಾಟಕದಲ್ಲಿ ವಾರಾಂತ್ಯದ ರಾತ್ರಿ ನಾಕಾಬಂದಿಯಲ್ಲಿ ಮೊದಲ ಸಲ ಸಿಕ್ಕವನಿಗೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಆಗಬಹುದು. ಲೈಸೆನ್ಸ್ ಅಮಾನತಾಗಬಹುದು. ನಿಮ್ಹಾನ್ಸ್ ಇರುವ ಊರಿನಲ್ಲೇ ಅವನನ್ನು ವೈದ್ಯರ ಹತ್ತಿರ ಕಳಿಸುವ ಸಾಲು 185ನೇ ಸೆಕ್ಷನ್‌ನಲ್ಲಿ ಇಲ್ಲ.